ಬೇಡ ಅನ್ನಲು ಬಾರದ ನಾಯಿ

ಸೆಪ್ಟೆಂಬರ್ 8, ಸೋಮವಾರ

ನಾಯಿಯ ಪ್ರಗತಿ ಬರೆಯಲು, ಕಣ್ಣು ಕಾಣದವರಿಗೆ ದಾರಿ ತೋರುವ ನಾಯಿಗಳನ್ನು ತಯಾರು ಮಾಡುವ ನಮ್ಮ ಶಾಲೆಯವರು ಒಂದು ರಿಜಿಸ್ಟರ್ ಕೊಟ್ಟಿದ್ದಾರೆ. ಅದರಲ್ಲಿ ನಾಯಿ ಮಾಡಿದ ತಪ್ಪುಗಳಿಗೆ ಜಾಗವಿದೆ, ನಾನು ಮಾಡಿದ ತಪ್ಪುಗಳಿಗೆ ಇಲ್ಲ. ಹಾಗಾಗಿ ಈ ಪುಸ್ತಕ. ಇದನ್ನು ನನ್ನ ಕಾಲುಚೀಲಗಳ ಅಡಿಯಲ್ಲಿ ಬಚ್ಚಿಡುತ್ತೇನೆ. ಈ ಮನೆಯಲ್ಲಿ ಅತ್ತೆ ಕೈ ಹಾಕದ ಜಾಗ ಅದೊಂದೇ.

ಇವತ್ತು ನನ್ನ ಕೈಗೆ ಲೆಬ್ಲೆಬಿ ಬಂದ. ಲೆಬ್ಲೆಬಿ ಎಂದರೆ ಹುರಿಗಡಲೆ. ಈ ಲ್ಯಾಬ್ರಡಾರ್ ನಾಯಿಯ ಬಣ್ಣವೂ ಅದೇ. ಎರಡು ವರ್ಷ ವಯಸ್ಸು. ರಸ್ತೆ ದಾಟಿಸುವುದು, ಮೆಟ್ಟಿಲ ಮುಂದೆ ನಿಲ್ಲುವುದು, ಬಸ್ಸಿನಲ್ಲಿ ಖಾಲಿ ಸೀಟು ಹುಡುಕುವುದು ಎಲ್ಲ ಬರುತ್ತದೆ. ಇದನ್ನೆಲ್ಲ ಕಲಿಸಿದವನು ಮದುವೆಯಾಗಿ ಅಂಕಾರಾಕ್ಕೆ ಹೋದ. ಉಳಿದಿರುವುದು ಒಂದೇ ಪಾಠ, ಅದು ನನ್ನ ತಲೆಗೆ ಬಂದಿದೆ. ಬೇಡ ಅನ್ನುವ ಪಾಠ. ಕಣ್ಣು ಕಾಣದವರು 'ಮುಂದೆ' ಅಂದಾಗ ಅಲ್ಲಿ ಗುಂಡಿ ಇದ್ದರೆ ನಾಯಿ ಕದಲಬಾರದು. ಯಜಮಾನರ ಮಾತನ್ನು ಮೀರಬೇಕು.

"ಇದು ಬಹಳ ಕಷ್ಟದ ಪಾಠ, ತಾಯ್ಫುನ್. ನಿಮ್ಮ ಕೈಲಿ ಆಗುತ್ತಾ?" ಎಂದು ಶಾಲೆಯ ಮುಖ್ಯಸ್ಥೆ ಬಿರ್ಸೆನ್ ಮೇಡಂ ಕೇಳಿದರು.

"ಆಗುತ್ತೆ ಮೇಡಂ," ಅಂದೆ. ಆಗುವುದಿಲ್ಲ ಎಂದು ನಾನು ಹುಟ್ಟಿದಾಗಿನಿಂದ ಯಾರಿಗೂ ಅಂದಿಲ್ಲ. ತಾಯ್ಫುನ್ ಎಂದರೆ ಚಂಡಮಾರುತ. ನಮ್ಮಪ್ಪ ಯಾವ ಧೈರ್ಯದ ಮೇಲೆ ಆ ಹೆಸರಿಟ್ಟನೋ ಗೊತ್ತಿಲ್ಲ.

ಡಿಸೆಂಬರ್ 11ಕ್ಕೆ ಪರೀಕ್ಷೆ. ನಾಯಿ ಪಾಸಾದರೆ ನನ್ನ ಕೆಲಸ ಕಾಯಂ. ಫೇಲಾದರೆ ಅವನು ಯಾರದೋ ಮನೆಯ ಸೋಫಾ ಸೇರುತ್ತಾನೆ, ನಾನು ಅತ್ತೆಯ ತಮ್ಮನ ಉಪ್ಪಿನಕಾಯಿ ಅಂಗಡಿ ಸೇರುತ್ತೇನೆ. ಆದರೆ ನಿಜವಾಗಿ ಕಾಯುತ್ತಿರುವವರು ಮೆಲಾಹತ್ ಹಾನಿಮ್, ಅಂದರೆ ಮೆಲಾಹತ್ ಅಮ್ಮನವರು. ಕೋರ್ಟಿನಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದು ನಿವೃತ್ತರಾದವರು, ಹುಟ್ಟಿನಿಂದ ಕಣ್ಣಿಲ್ಲ. ಹೋದ ಚಳಿಗಾಲದಲ್ಲಿ ಕೋಲು ಹಿಡಿದು ಹೋಗುವಾಗ ಪೈಪಿನ ಗುಂಡಿಗೆ ಬಿದ್ದು ಸೊಂಟ ಮುರಿದುಕೊಂಡರು. ಅಂದಿನಿಂದ ಒಬ್ಬರೇ ಹೊಸ್ತಿಲು ದಾಟಿಲ್ಲ. ಮೂರು ವರ್ಷದಿಂದ ಪಟ್ಟಿಯಲ್ಲಿ ಅವರ ಹೆಸರಿದೆ, ಈ ನಾಯಿ ಅವರಿಗೇ.

ಸೆಪ್ಟೆಂಬರ್ 14, ಭಾನುವಾರ

ವಾರದ ಕೊನೆಗೆ ಶಾಲೆಯ ಗೂಡು ಮುಚ್ಚುವುದರಿಂದ ಲೆಬ್ಲೆಬಿಯನ್ನು ಮನೆಗೆ ಕರೆತಂದೆ. ಮನೆ ಎಂದರೆ ಅತ್ತೆಯ ಮನೆ. ನನ್ನ ಫೋಟೊಕಾಪಿ ಅಂಗಡಿ ಮುಚ್ಚಿದ ಮೇಲೆ ನಾನೂ ಹೆಂಡತಿ ಸೆವ್ತಾಪಳೂ ಇಲ್ಲಿಗೆ ಬಂದು ನಾಲ್ಕು ವರ್ಷ. ಇಡೀ ಕರ್ಶಿಯಾಕಾ ಪೇಟೆಯಲ್ಲಿ ಮನೆ ಅಳಿಯ ಅಂದರೆ ನಾನೇ, ವಿಳಾಸ ಕೂಡ ಬೇಡ.

ಅತ್ತೆ ಪಾಕಿಜೆ ಹಾನಿಮ್ ಬಾಗಿಲಲ್ಲೇ ನಿಂತು ನಾಯಿಯನ್ನು ತಲೆಯಿಂದ ಬಾಲದವರೆಗೆ ನೋಡಿದರು. ನನ್ನನ್ನು ಮೊದಲ ಸಲ ನೋಡಿದ್ದೂ ಹೀಗೇ.

"ಕೂದಲು ಉದುರುತ್ತಾ?"

"ಸ್ವಲ್ಪ, ಅತ್ತೆ."

"ನಿನಗಿಂತ ಜಾಸ್ತಿನಾ?"

ಊಟಕ್ಕೆ ಬದನೆಕಾಯಿಗೆ ಕೊಚ್ಚಿದ ಮಾಂಸ ತುಂಬಿ ಬೇಯಿಸಿದ್ದರು. ಎರಡು ತಿಂದೆ, ಹೊಟ್ಟೆ ತುಂಬಿತು. ಆದರೆ ನಮ್ಮಲ್ಲಿ ಹೊಟ್ಟೆ ತುಂಬುವುದಕ್ಕೂ ಊಟ ಮುಗಿಯುವುದಕ್ಕೂ ಸಂಬಂಧವಿಲ್ಲ. ಮೊದಲ ಸಲ ಬೇಡ ಅಂದರೆ ಅದು ಮರ್ಯಾದೆ. ಎರಡನೆಯ ಸಲ ಬೇಡ ಅಂದರೆ ಅದು ಇನ್ನೂ ದೊಡ್ಡ ಮರ್ಯಾದೆ. ಮೂರನೆಯ ಸಲ ಬಡಿಸಿದಾಗ ತಿನ್ನಲೇಬೇಕು, ತಿನ್ನದಿದ್ದರೆ ಜಗಳ. ಮೂರನೆಯ ಸಲ ಎರಡು ಬದನೆಕಾಯಿ ಬಿದ್ದವು. ತಿಂದು ಕಿಟಕಿಯ ಹತ್ತಿರ ಉಸಿರಾಡಲು ಹೋಗಿ ನಿಂತೆ.

ಕೆಲಸದ ನಾಯಿಗೆ ಬೇರೆಯವರು ಏನೂ ತಿನ್ನಿಸಬಾರದು ಎಂದು ಅತ್ತೆಗೆ ಹೇಳಿದ್ದೇನೆ. ಕೇಳಿಸಿತೋ ಇಲ್ಲವೋ ತಿಳಿಯದು. ಇನ್ನೊಂದು ಸಲ ಹೇಳುವ ಧೈರ್ಯ ಬರಲಿಲ್ಲ.

ಸೆಪ್ಟೆಂಬರ್ 30, ಮಂಗಳವಾರ

ಪಾಠ ಶುರು. ನನ್ನ ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿದರು. ನಾನು ನಾಯಿಯ ಬೆನ್ನಪಟ್ಟಿಯ ಹಿಡಿಕೆ ಹಿಡಿದು 'ಮುಂದೆ' ಅನ್ನಬೇಕು. ಮುಂದೆ ಗುಂಡಿ ಇದ್ದರೆ ಲೆಬ್ಲೆಬಿ ನಿಲ್ಲಬೇಕು. ನಿಂತ ಕೂಡಲೇ ನಾನು ಅವನನ್ನು ಹೊಗಳಬೇಕು.

ಹೋದೆವು. ನಿಂತ. ನನಗೆ ಅನುಮಾನ. ಗುಂಡಿಗೆ ನಿಂತನೋ, ಬೆಕ್ಕನ್ನು ನೋಡಿ ನಿಂತನೋ ಹೇಗೆ ಗೊತ್ತಾಗಬೇಕು? ಸುಮ್ಮನೆ ಹೊಗಳಿಬಿಟ್ಟರೆ ತಪ್ಪಾಗುವುದಿಲ್ಲವೇ? ಅದಕ್ಕೆ "ಮುಂದೆ, ಕಂದಾ," ಅಂದೆ. ಕದಲಲಿಲ್ಲ. ಆಗ ನನಗೇ ಬೇಸರವಾಗಿ, ಸ್ವಲ್ಪ ಕೈಮುಗಿಯುವ ಧ್ವನಿಯಲ್ಲಿ, "ಮುಂದೆ ಹೋಗಪ್ಪ ನನ್ನ ರಾಜಾ," ಅಂದೆ.

ಹೋದ. ಇಬ್ಬರೂ ಗುಂಡಿಯೊಳಗಿದ್ದೆವು. ಶಾಲೆಯ ಗುಂಡಿ, ಮೊಣಕಾಲುದ್ದದ್ದು, ತಳದಲ್ಲಿ ಹುಲ್ಲು ಹಾಸಿದ್ದಾರೆ. ಲೆಬ್ಲೆಬಿ ಬಾಲ ಅಲ್ಲಾಡಿಸುತ್ತಾ ನನ್ನ ಮುಖ ನೆಕ್ಕಿದ. ಅವನಿಗೆ ಇದು ಬಹಳ ಇಷ್ಟವಾದಂತೆ ಕಂಡಿತು.

ರಿಜಿಸ್ಟರಿನಲ್ಲಿ 'ನಾಯಿ ಒಂದು ಗುಂಡಿಯನ್ನು ಗಮನಿಸಿತು' ಎಂದು ಬರೆದೆ. ಸುಳ್ಳೇನಲ್ಲ.

ಅಕ್ಟೋಬರ್ 7, ಮಂಗಳವಾರ

ಈ ವಾರ ನಾವು ಬಿದ್ದದ್ದು: ಗುಂಡಿಗೆ ನಾಲ್ಕು ಸಲ, ಕಾರಂಜಿಗೆ ಒಂದು ಸಲ, ಬಜಾರಿನ ದಾಳಿಂಬೆ ಗಾಡಿಗೆ ಒಂದು ಸಲ. ಗಾಡಿಯವನು ಮೊದಲು ಬೈದ, ಆಮೇಲೆ ಕೂರಿಸಿ ಟೀ ಕೊಟ್ಟ. ಬೇಡ ಅಂದೆ, ಬೇಡ ಅಂದೆ, ಕುಡಿದೆ. ಅವನ ಪಕ್ಕದವನೂ ಕೊಟ್ಟ. ಬಜಾರು ದಾಟುವಷ್ಟರಲ್ಲಿ ಒಂಬತ್ತು ಟೀ. ದೋಣಿಕಟ್ಟೆಯ ಶೌಚಾಲಯಕ್ಕೆ ಲೆಬ್ಲೆಬಿ ಈಗ ಹೇಳದೆಯೇ ಕರೆದುಕೊಂಡು ಹೋಗುತ್ತಾನೆ. ಆ ಮಟ್ಟಿಗೆ ಬುದ್ಧಿವಂತ.

ಅಕ್ಟೋಬರ್ 12, ಭಾನುವಾರ

ಅತ್ತೆಗೆ ನಾಯಿ ಮೇಲೆ ಪ್ರೀತಿ ಹುಟ್ಟಿದೆ. ನನ್ನ ಮೇಲೆ ನಾಲ್ಕು ವರ್ಷದಲ್ಲಿ ಹುಟ್ಟದ್ದು ಅವನ ಮೇಲೆ ನಾಲ್ಕು ಭಾನುವಾರದಲ್ಲಿ ಹುಟ್ಟಿತು.

ಊಟದ ಹೊತ್ತಿಗೆ ಮೇಜಿನ ಕೆಳಗೆ ಕೈ ಚಾಚಿ ಮಾಂಸದ ಉಂಡೆ ಹಿಡಿದರು. ನಾಯಿ ಮುಖ ತಿರುಗಿಸಿತು. ತರಬೇತಿ ಅಂದರೆ ಇದು ಎಂದು ನನಗೆ ಹೆಮ್ಮೆಯಾಯಿತು. ಅತ್ತೆ ಇನ್ನೂ ಹತ್ತಿರ ಹಿಡಿದರು. ಆ ಕಡೆ ಮುಖ ತಿರುಗಿಸಿತು. "ನನ್ನಾಣೆ, ತಿನ್ನು," ಅಂದರು ಅತ್ತೆ. ಗುಳುಂ ಅಂತ ನುಂಗಿತು.

"ನೋಡು ಸೆವ್ತಾಪ್, ಎಷ್ಟು ಮರ್ಯಾದಸ್ಥ ನಾಯಿ," ಎಂದರು ಅತ್ತೆ. "ಒಳ್ಳೆ ಮನೆತನದ್ದು ಅಂತ ಆಗಲೇ ಗೊತ್ತಾಗುತ್ತೆ."

ಅಷ್ಟರಲ್ಲಿ ನನ್ನ ತಟ್ಟೆಗೂ ಮೂರನೆಯ ಸಲ ಬಿದ್ದಿತ್ತು. ತಿಂದೆ. ನಾಯಿಗೆ ಹೊರಗಿನವರು ತಿನ್ನಿಸಬಾರದು ಎಂದು ಮತ್ತೆ ಹೇಳಬೇಕೆಂದು ಬಾಯಿ ತೆರೆದಾಗ ಅದರಲ್ಲಿ ಅನ್ನ ತುಂಬಿತ್ತು.

ಅಕ್ಟೋಬರ್ 16, ಗುರುವಾರ

ಬಿರ್ಸೆನ್ ಮೇಡಂ ಕರೆದು ಕೂರಿಸಿದರು. ರಿಜಿಸ್ಟರ್ ಅವರ ಮುಂದೆ ತೆರೆದಿತ್ತು. ನಾನು 'ನಾಯಿ ಗುಂಡಿಯ ಆಳವನ್ನು ಪರಿಶೀಲಿಸಿತು' ಎಂದು ಬರೆದ ಪುಟದ ಮೇಲೆ ಅವರ ಬೆರಳಿತ್ತು.

"ತಾಯ್ಫುನ್, ಮೆಲಾಹತ್ ಹಾನಿಮ್‌ಗೆ ಐವತ್ತೊಂಬತ್ತು. ಅವರ ಸೊಂಟದಲ್ಲಿ ಈಗ ಲೋಹದ ಮೊಳೆ ಇದೆ. ಇನ್ನೊಂದು ಸಲ ಬಿದ್ದರೆ ಅವರು ಏಳೋದಿಲ್ಲ. ಈ ನಾಯಿನ ನಾನು ಹೀಗೆ ಅವರ ಕೈಗೆ ಕೊಡೋಕಾಗುತ್ತಾ?"

ಅಲ್ಲಿಯವರೆಗೆ ನಾನು ಉಪ್ಪಿನಕಾಯಿ ಅಂಗಡಿಯನ್ನು ನೆನೆದು ಹೆದರುತ್ತಿದ್ದೆ. ಇವತ್ತು ಮೊದಲ ಸಲ ಆ ಹೆಂಗಸಿನ ಸೊಂಟವನ್ನು ನೆನೆದು ಹೆದರಿದೆ. ಟೀ ತರಿಸಿದರು. ಬೇಡ ಅಂದೆ, ಬೇಡ ಅಂದೆ, ಅವರು ಮೂರನೆಯ ಸಲ ಕೇಳಲಿಲ್ಲ. ಲೋಟ ತಣ್ಣಗಾಯಿತು.

ಅಕ್ಟೋಬರ್ 21, ಮಂಗಳವಾರ

ಮೆಲಾಹತ್ ಹಾನಿಮ್ ಶಾಲೆಗೆ ಬಂದಿದ್ದರು. ಕುಳ್ಳಗಿನ ಹೆಂಗಸು, ಕೆಂಪು ಕೋಟು, ಕೋರ್ಟಿನ ಅಮೀನನ ಗಂಟಲು. ಬಂದವರೇ ಬೆಂಚಿನ ಮೇಲೆ ಕೂತು, "ನೀನು ನಡೆಸು ಮಗಾ, ನಾನು ಕೇಳಿಸ್ಕೋತೀನಿ," ಅಂದರು.

ನಡೆಸಿದೆ. ಬಿದ್ದೆವು. ಮತ್ತೆ ನಡೆಸಿದೆ. ಮತ್ತೆ ಬಿದ್ದೆವು. ಹುಲ್ಲು ಕೊಡವಿಕೊಂಡು ಮೇಲೆ ಬಂದಾಗ ಅವರು ನಗುತ್ತಿದ್ದರು.

"ನಾಯಿಗೇನೂ ಆಗಿಲ್ಲ ಬಿರ್ಸೆನ್. ನಿಮ್ಮ ಹುಡುಗನಿಗೆ ಆಗಿದೆ."

"ನನಗೇನಾಗಿದೆ ಅಕ್ಕಾ?" ಎಂದು ಕೇಳಿದೆ.

"ಮೂರು ಸಲ ಕರೀತೀಯ. ಮೊದಲನೇದು ಸರ್ಕಾರಿ ಧ್ವನಿ. ಎರಡನೇದು ಅಮ್ಮನ ಧ್ವನಿ. ಮೂರನೇದು ನೆಂಟರನ್ನ ಊಟಕ್ಕೆ ಎಬ್ಬಿಸೋ ಧ್ವನಿ. ಆ ಪ್ರಾಣಿ ಎರಡು ಸಲ ಸರಿಯಾಗೇ ಬೇಡ ಅಂತಾನೆ. ಮೂರನೇ ಸಲಾನೂ ಬೇಡ ಅಂದ್ರೆ ನಿನಗೆ ಬೇಜಾರಾಗುತ್ತೆ ಅಂತ ಗುಂಡಿಗೆ ಇಳೀತಾನೆ. ಪಾಪ, ಸಭ್ಯ ನಾಯಿ. ಮೂವತ್ತು ವರ್ಷ ಕೋರ್ಟಿನ ಫೋನೆತ್ತಿದ್ದೀನಿ ಮಗಾ, ಬೇಡ ಅನ್ನೋದರಲ್ಲಿ ಎಷ್ಟು ಥರ ಇದೆ ಅಂತ ನನಗೆ ಗೊತ್ತು."

ಬಿರ್ಸೆನ್ ಮೇಡಂ ತಲೆಯ ಮೇಲೆ ಕೈ ಹೊತ್ತು ಕುಳಿತರು. ಆಮೇಲೆ ಅಪ್ಪಣೆ ಮಾಡಿದರು. ಇನ್ನು ಮೇಲೆ ಒಂದೇ ಸಲ ಹೇಳುವುದು. ಅವನು ಬೇಡ ಅಂದರೆ ಅದೇ ಕೊನೆ, ಕೂಡಲೇ ಹೊಗಳುವುದು. ಶಾಲೆಯಲ್ಲಷ್ಟೇ ಅಲ್ಲ, ಅವನಿರುವ ಕಡೆಯೆಲ್ಲ. ಅವನ ಕಣ್ಣೆದುರು ಯಾರೂ ಯಾರಿಗೂ ಎರಡನೆಯ ಸಲ ಒತ್ತಾಯ ಮಾಡಬಾರದು. ಯಾರೂ ಎರಡನೆಯ ಸಲಕ್ಕೆ ಮಣಿಯಬಾರದು.

"ಮನೇಲೂನಾ ಮೇಡಂ?" ಎಂದು ಕೇಳಿದೆ.

"ಮನೇಲಿ ಮೊದಲು," ಅಂದರು.

ಅಕ್ಟೋಬರ್ 25, ಶನಿವಾರ

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಸೆವ್ತಾಪಳನ್ನು ಕೇಳಿದೆ. "ನಾಯಿ ನಿಂದು, ಅಮ್ಮನೂ ಈಗ ಅರ್ಧ ನಿಂದೇ," ಎಂದು ಹೇಳಿ ಬಟ್ಟೆ ಒಣಹಾಕಲು ಹೋದಳು.

ಕೊನೆಗೆ ನಾನೇ ಅಡುಗೆಮನೆಗೆ ಹೋಗಿ ಹೇಳಿದೆ. ಅತ್ತೆ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದರು.

"ಅಂದರೆ ಒಂದೇ ಸಲ ಕೇಳಿ ಸುಮ್ಮನಾಗಬೇಕು."

"ಹೌದು, ಅತ್ತೆ."

"ನೆಂಟರು ಬಂದರೂ?"

"ನಾಯಿ ಇದ್ದಾಗ ಮಾತ್ರ."

"ನನ್ನ ಎಪ್ಪತ್ತು ವರ್ಷದ ಜೀವಮಾನದಲ್ಲಿ ನನ್ನ ಮನೆಯಿಂದ ಯಾರೂ ಹಸಿದು ಹೋಗಿಲ್ಲ. ಈಗ ನಾಯಿಗೋಸ್ಕರ ನಾನು ಜಿಪುಣಿ ಅನ್ನಿಸ್ಕೋಬೇಕು." ಚಾಕು ನನ್ನ ಕಡೆ ತಿರುಗಿತು. ಬೇಕೆಂದು ತಿರುಗಿಸಿದ್ದಲ್ಲ ಎಂದುಕೊಂಡಿದ್ದೇನೆ. "ನೀನು ಮೊದಲು ಬೇಡ ಅನ್ನೋದು ಕಲಿ, ಆಮೇಲೆ ನಾಯಿಗೆ ಕಲಿಸು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾಲ್ಕು ಬದನೆಕಾಯಿ ನಾನೇ ತಿಂದವನು.

ನವೆಂಬರ್ 2, ಭಾನುವಾರ

ಅತ್ತೆ ಒಂದು ಸಲ ಬಡಿಸಲು ಬಂದರು. ಅಭ್ಯಾಸಬಲದಿಂದ ಬೇಡ ಅಂದೆ. ಲೆಬ್ಲೆಬಿ ನನ್ನನ್ನೇ ನೋಡುತ್ತಿದ್ದ. ಅತ್ತೆ ಪಾತ್ರೆ ಎತ್ತಿಕೊಂಡು ಒಳಗೆ ಹೋಗಿಬಿಟ್ಟರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅದೂ ಕುರಿಮಾಂಸದ ಅನ್ನ, ಮೇಲೆ ಬಾದಾಮಿ. ಫ್ರಿಜ್ಜಿನ ಹತ್ತಿರ ಎರಡು ಸಲ ಸುಳಿದೆ, ಅತ್ತೆ ಅದರ ಪಕ್ಕದಲ್ಲೇ ಕುರ್ಚಿ ಹಾಕಿ ಹೆಣಿಗೆ ಹಿಡಿದು ಕೂತಿದ್ದರು. ಮುಖದಲ್ಲಿ ಪರಮಸುಖ.

ನವೆಂಬರ್ 11, ಮಂಗಳವಾರ

ಹತ್ತು ದಿನದಲ್ಲಿ ಮೂರು ಕಿಲೊ ಇಳಿದಿದ್ದೇನೆ. ಬಜಾರಿನವರಿಗೂ ಬಿರ್ಸೆನ್ ಮೇಡಂ ಹೇಳಿ ಕಳಿಸಿದ್ದಾರೆ, ಒಬ್ಬರೂ ಎರಡನೆಯ ಸಲ ಟೀ ಕೇಳುತ್ತಿಲ್ಲ. ಇವತ್ತು ದಾಳಿಂಬೆಯವನು "ಟೀ?" ಅಂದ. "ಕೊಡು," ಅಂದೆ, ನೇರವಾಗಿ. ಅವನು ಗಾಬರಿಯಾಗಿ ಲೋಟ ಬೀಳಿಸಿದ.

ಭಾನುವಾರ ಅತ್ತೆ ಬಿಸಿನೀರಿನ ಬುಗ್ಗೆಯ ಸ್ನಾನಕ್ಕೆ ಬಾಲ್ಚೋವಾಕ್ಕೆ ಕರೆದುಕೊಂಡು ಹೋಗು ಅಂದಿದ್ದರು. ಲೆಬ್ಲೆಬಿಗೆ ಆ ದಿನ ನಡಿಗೆ ಇತ್ತು. "ಇವತ್ತು ಆಗಲ್ಲ, ಅತ್ತೆ," ಅಂದೆ. ನಾಯಿಗಾಗಿ, ಬೇರೇನಿಲ್ಲ. ನಿನ್ನೆ ಅವರ ತಮ್ಮ ರುಕ್ನೆತ್ತಿನ್ ಮಾವ ಫೋನ್ ಮಾಡಿ, ಹೂಕೋಸಿನ ಉಪ್ಪಿನಕಾಯಿ ಹಾಕುವ ಕಾಲ, ಎರಡು ದಿನ ಬಂದು ಪೀಪಾಯಿ ಉರುಳಿಸು ಎಂದರು. "ಬರಲ್ಲ, ಮಾವ," ಅಂದೆ. ಲೆಬ್ಲೆಬಿ ಕೋಣೆಯಲ್ಲೇ ಇದ್ದ, ಏನು ಮಾಡುವುದು, ಕೆಟ್ಟ ಮಾದರಿ ಆಗಬಾರದಲ್ಲ.

ಸೆವ್ತಾಪ್ ಯಾಕೋ ನನ್ನನ್ನು ತಿರುಗಿ ತಿರುಗಿ ನೋಡುತ್ತಾಳೆ. ಸಂಜೆ ಒಂದು ಹೊಸ ಶರ್ಟು ತಂದಿಟ್ಟಳು. ಹಬ್ಬ ಯಾವುದೂ ಇಲ್ಲ. ಬಹುಶಃ ನಾನು ಇಳಿದುಹೋಗಿ ಹಳೆಯದು ಜೋಲಾಡುತ್ತಿದೆ ಅಂತ ಇರಬೇಕು.

ನವೆಂಬರ್ 20, ಗುರುವಾರ

ನಿಂತ. ಒಂದೇ ಸಲ 'ಮುಂದೆ' ಅಂದೆ, ಕದಲಲಿಲ್ಲ. ಕೂಡಲೇ ಹೊಗಳಿದೆ. ಆಮೇಲೆ ಪರೀಕ್ಷೆ ಮಾಡಲೆಂದು ಬಿರ್ಸೆನ್ ಮೇಡಂ ಬಂದು ಹಿಡಿಕೆ ಹಿಡಿದು ಮೂರು ಸಲ ಗದರಿದರು. ಬಾಲ ಕೂಡ ಅಲ್ಲಾಡಲಿಲ್ಲ. ನಾನು ಹುಲ್ಲಿನ ಮೇಲೆ ಕೂತು ಅವನನ್ನು ತಬ್ಬಿಕೊಂಡೆ. ಎಷ್ಟು ಖುಷಿ ಎಂದು ಬರೆಯಲು ನನಗೆ ಬಾರದು.

ನವೆಂಬರ್ 27, ಗುರುವಾರ

ಈಗ ತೊಂದರೆ ಬೇರೆ. ನಾಯಿ ಬೇಡ ಅನ್ನುವುದನ್ನು ಕಲಿತಿದೆ, ಬೇಡ ಅನ್ನಿಸಿಕೊಳ್ಳುವುದನ್ನು ಮೆಲಾಹತ್ ಹಾನಿಮ್ ಕಲಿಯುತ್ತಿಲ್ಲ. ಒಂದು ವಾರದಿಂದ ಇಬ್ಬರೂ ಜೊತೆಗೆ ನಡೆಯುತ್ತಿದ್ದಾರೆ. ಇವತ್ತು ಸೈಕಲ್ ಅಡ್ಡ ಬಂತೆಂದು ಅವನು ನಿಂತ. ರಸ್ತೆಯ ನಡುವೆ ಅವರಿಬ್ಬರ ವಾದ.

"ಮುಂದೆ."

ಇವನು ಕೂತ.

"ಕತ್ತೆ, ಈ ಬೀದೀಲಿ ನಾನು ನಲವತ್ತು ವರ್ಷದಿಂದ ಓಡಾಡ್ತಿದ್ದೀನಿ. ನೀನು ಹುಟ್ಟಿ ಎಷ್ಟು ದಿನ ಆಯ್ತು? ನನಗೆ ದಾರಿ ಹೇಳಿಕೊಡ್ತೀಯಾ?"

ಇವನು ಆಕಳಿಸಿದ.

"ಅಕ್ಕಾ, ಅವನು ಬೇಡ ಅಂದಮೇಲೆ ಮುಗೀತು. ವಾದ ಇಲ್ಲ," ಎಂದೆ.

"ನೀನು ಸುಮ್ಮನಿರು ಮಗಾ. ಇದು ನಮ್ಮಿಬ್ಬರ ವಿಷಯ."

ಹೋದ ವರ್ಷ ಗುಂಡಿಗೆ ಬೀಳುವ ಮೊದಲು ಯಾರೋ 'ಅಮ್ಮಾ, ನಿಲ್ಲಿ' ಎಂದು ಕೂಗಿದ್ದರಂತೆ. ಅವರ ಜೊತೆಗೂ ಇವರು ವಾದಕ್ಕೆ ನಿಂತಿದ್ದರಂತೆ, ನಡೆಯುತ್ತಲೇ. ಹಿಂತಿರುಗುವಾಗ ತಾವಾಗಿಯೇ ಹೇಳಿದರು.

ಡಿಸೆಂಬರ್ 11, ಗುರುವಾರ

ಮೊದಲಿಂದ ಬರೆಯುತ್ತೇನೆ.

ಪರೀಕ್ಷಕರು ನೆಜ್ದೆತ್ ಬೇ, ಅಂದರೆ ನೆಜ್ದೆತ್ ಸಾಹೇಬರು. ಶಾಲೆಯ ದಾನಿಗಳ ಸಮಿತಿಯವರು, ಉದ್ದನೆಯ ಮೇಲಂಗಿ, ಕಂದು ಬಣ್ಣದ ಹೊಸ ಬೂಟು. ಬೂಟು ಇಟಲಿಯದು ಎಂದು ಎರಡು ಸಲ ಹೇಳಿದರು, ಯಾರೂ ಕೇಳಿರಲಿಲ್ಲ. ಮೆಲಾಹತ್ ಹಾನಿಮ್ ಹಿಡಿಕೆ ಹಿಡಿದು ಮುಂದೆ, ಅವರ ಹಿಂದೆ ಪರೀಕ್ಷಕರು, ಎಲ್ಲರ ಹಿಂದೆ ಬಾಯಿಗೆ ಬೀಗ ಹಾಕಿಕೊಂಡು ನಾನು. ಬಜಾರು ದಾಟಿ ದೋಣಿಕಟ್ಟೆ ಮುಟ್ಟಬೇಕು. ಬಿರ್ಸೆನ್ ಮೇಡಂ ಅಲ್ಲಿ ಕಾಯುತ್ತಿದ್ದರು.

ರಸ್ತೆ ದಾಟಿದರು, ಸರಿಯಾಗಿ. ಮೀನಿನ ಅಂಗಡಿ ದಾಟಿದರು, ಮೂಗು ಕೂಡ ತಿರುಗಿಸಲಿಲ್ಲ. ನೆಜ್ದೆತ್ ಬೇ ಕಾಗದದ ಮೇಲೆ ಗೀಟು ಹಾಕುತ್ತಾ ಬಂದರು. ದೋಣಿಕಟ್ಟೆಗೆ ಇನ್ನೇನು ನೂರು ಹೆಜ್ಜೆ ಇದೆ ಅನ್ನುವಾಗ ಒಣಹಣ್ಣಿನ ಅಂಗಡಿಯ ಮುಂದೆ ಲೆಬ್ಲೆಬಿ ನಿಂತುಬಿಟ್ಟ.

ಮುಂದೆ ಏನೂ ಇರಲಿಲ್ಲ. ನಾನು ಕಣ್ಣು ಬಿಟ್ಟು ನೋಡಿದೆ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಒಣಹಣ್ಣಿನವನ ವ್ಯಾನು, ನಡುವೆ ಚೊಕ್ಕಟವಾದ ಬೂದು ಬಣ್ಣದ ಪಾದಚಾರಿ ದಾರಿ.

"ಮುಂದೆ," ಅಂದರು ಮೆಲಾಹತ್ ಹಾನಿಮ್.

ಲೆಬ್ಲೆಬಿ ಕೂತ.

"ಮುಂದೆ, ನನ್ನ ಸಿಂಹ."

ಅಲುಗಲಿಲ್ಲ. ಅವರ ಕಿವಿ ಕೆಂಪಾಯಿತು. ಮೂರು ವರ್ಷ ಕಾದದ್ದು ನೂರು ಹೆಜ್ಜೆಯ ದೂರದಲ್ಲಿತ್ತು. "ಮುಂದೆ ಹೋಗೋ, ನನ್ನ ಮಾನ ಕಳೀಬೇಡ," ಎಂದು ಮೂರನೆಯ ಸಲ ಹೇಳಿದಾಗ ಅದು ಹೆಚ್ಚುಕಡಿಮೆ ನನ್ನದೇ ಹಳೆಯ ಧ್ವನಿ. ಅವನು ತಿರುಗಿ ಅವರ ಮೊಣಕಾಲಿಗೆ ಅಡ್ಡವಾಗಿ ನಿಂತ.

ನೆಜ್ದೆತ್ ಬೇ ಗಡಿಯಾರ ನೋಡಿಕೊಂಡರು. "ಖಾಲಿ ದಾರಿ. ಇದು ಹಠ, ಇದಕ್ಕೆ ನಾನು ಫೇಲ್ ಅಂತ ಬರೀಬೇಕು." ಆಮೇಲೆ ನನ್ನ ಹತ್ತಿರ ಬಂದು ಮೆತ್ತಗೆ ಹೇಳಿದರು: "ಪಾಪದ ಹೆಂಗಸು. ಒಂದು ಕೆಲಸ ಮಾಡಪ್ಪ. ಕೊರಳಪಟ್ಟಿ ಹಿಡಿದು ಒಂದು ಸಲ ಎಳೆದುಬಿಡು. ನಾಲ್ಕು ಹೆಜ್ಜೆ ಹೋದರೆ ಸಾಕು, ಪಾಸ್ ಅಂತ ಬರೆದುಬಿಡ್ತೀನಿ."

"ಬೇಡ," ಎಂದು ಯಾರೋ ಅಂದರು. ನೋಡಿದರೆ ನಾನೇ.

"ಏನು ಬೇಡ?"

"ಎಳೆಯೋದು ಬೇಡ, ಸಾರ್. ಅವನು ಬೇಡ ಅಂದಿದ್ದಾನೆ."

"ಯಾಕೆ ಬೇಡ ಅಂದಿದ್ದಾನೆ? ಕಾರಣ ತೋರಿಸು."

"ನನಗೆ ಗೊತ್ತಿಲ್ಲ."

"ನಿನ್ನ ಕೆಲಸದ ವಿಷಯಾನೂ ಇದರಲ್ಲೇ ಇದೆ, ಗೊತ್ತು ತಾನೆ? ಸಹಾಯ ಮಾಡ್ತಿದ್ದೀನಿ ಕಣಯ್ಯ, ಎಳಿ."

"ಎಳೆಯಲ್ಲ, ಸಾರ್."

ಗುಂಡಿಯೂ ಇಲ್ಲ, ಗಾಡಿಯೂ ಇಲ್ಲ, ನಾಯಿಗೆ ತಲೆ ಕೆಟ್ಟಿರಬಹುದು, ಆ ಹೆಂಗಸು ಇನ್ನೂ ಮೂರು ವರ್ಷ ಮನೆಯಲ್ಲಿ ಕೂರಬೇಕಾಗಬಹುದು, ಎಲ್ಲ ನನ್ನಿಂದ. ಮೂರನೆಯ ಸಲ ನೆಜ್ದೆತ್ ಬೇ ಜೋರಾಗಿಯೇ ಕೇಳಿದರು, ಬಜಾರಿನವರೆಲ್ಲ ಬಾಗಿಲಿಗೆ ಬಂದು ನಿಂತರು. ನಾನು ತಲೆಯಾಡಿಸಿದೆ, ಅಡ್ಡಡ್ಡ.

ಆಗ ಮೆಲಾಹತ್ ಹಾನಿಮ್ ಹಿಡಿಕೆ ಬಿಡದೆಯೇ ಅಂದರು: "ನಾಯಿ ಬೇಡ ಅಂದಮೇಲೆ ಬೇಡ. ನೀವು ಫೇಲ್ ಅಂತ ಬರ್ಕೊಳ್ಳಿ ಸ್ವಾಮಿ. ಒಂದು ಸಲ ಕೇಳದೆ ಹೋಗಿ ಬಿದ್ದಿದ್ದೀನಿ. ಇವತ್ತು ಕೇಳ್ತೀನಿ. ಅವನು ಏಳೋವರೆಗೂ ನಾನು ಇಲ್ಲೇ."

"ಇದೊಳ್ಳೆ ಕತೆಯಾಯ್ತು," ಎಂದರು ನೆಜ್ದೆತ್ ಬೇ. "ನಾಯಿಗೆ ಹೆದರಿ ಮೂರು ಜನ ನಿಂತಿದ್ದೀವಿ. ನೋಡಿ, ಏನಿದೆ ಇಲ್ಲಿ? ಏನೂ ಇಲ್ಲ." ಎಂದವರೇ ನಮ್ಮನ್ನು ದಾಟಿ ಠೀವಿಯಿಂದ ಒಂದು ಹೆಜ್ಜೆ ಇಟ್ಟರು.

ಮೊಣಕಾಲಿನವರೆಗೆ ಒಳಗೆ ಹೋದರು. ಎರಡನೆಯ ಕಾಲನ್ನು ತಡೆಯಲಾಗದೆ ಅದನ್ನೂ ಇಟ್ಟರು.

ಬೆಳಿಗ್ಗೆಯಷ್ಟೇ ಪೈಪಿನ ಕಾಲುವೆಗೆ ಸಿಮೆಂಟು ಸುರಿದು, ಮಟ್ಟ ಮಾಡಿ, ಮೇಲೆ ಮರಳುಪುಡಿ ಚೆಲ್ಲಿ ಹೋಗಿದ್ದರಂತೆ. ಅಡ್ಡಲಾಗಿ ಎರಡು ಕಿತ್ತಳೆ ಬಣ್ಣದ ಕೋನು ಇಟ್ಟಿದ್ದರಂತೆ. ಒಣಹಣ್ಣಿನವನು ತನ್ನ ವ್ಯಾನಿಗೆ ಜಾಗ ಹಿಡಿಯಲು ಆ ಕೋನುಗಳನ್ನು ಎತ್ತಿ ರಸ್ತೆಯಲ್ಲಿ ಇಟ್ಟುಕೊಂಡಿದ್ದ. ಇದು ಬಯಲಾದದ್ದು ಆಮೇಲೆ. ಆ ಕ್ಷಣದಲ್ಲಿ ನನಗೆ ಕಂಡದ್ದು ಪ್ರತಿಮೆಯ ಹಾಗೆ ನಿಂತ ಪರೀಕ್ಷಕರು ಮಾತ್ರ.

"ಏನಾಯ್ತು? ಏನದು ಪಚಕ್ ಅಂದದ್ದು?" ಎಂದು ಮೆಲಾಹತ್ ಹಾನಿಮ್ ಕೇಳಿದರು.

"ನೆಜ್ದೆತ್ ಬೇ ಸಿಮೆಂಟಿನಲ್ಲಿದ್ದಾರೆ, ಅಕ್ಕಾ."

"ಎಷ್ಟು?"

"ಮೊಣಕಾಲಿನವರೆಗೆ."

ಅವರು ಲೆಬ್ಲೆಬಿಯ ತಲೆಯ ಮೇಲೆ ಕೈಯಿಟ್ಟರು. ಅವರ ಗದ್ದ ಅದುರುತ್ತಿತ್ತು, ನಗುವೋ ಅಳುವೋ ನನಗೆ ತಿಳಿಯಲಿಲ್ಲ.

ನಾಲ್ಕು ಜನ ಸೇರಿ ಪರೀಕ್ಷಕರನ್ನು ಎಳೆದೆವು. ಅವರು ಬಂದರು, ಬೂಟುಗಳು ಬರಲಿಲ್ಲ. ದಾಳಿಂಬೆಯವನು ಅವರನ್ನು ಕೂರಿಸಿ ಟೀ ತಂದ. ಬೇಡ ಅಂದರು. ಬಜಾರಿನಲ್ಲಿ ಈಗ ಎರಡನೆಯ ಸಲ ಕೇಳುವ ಪದ್ಧತಿಯಿಲ್ಲ, ಲೋಟ ವಾಪಸ್ಸು ಹೋಯಿತು. ಕಾಲುಚೀಲದಲ್ಲಿ ನಿಂತುಕೊಂಡೇ ಅವರು ಕಾಗದದ ಮೇಲೆ ಬರೆದರು: ಪಾಸು.

ಡಿಸೆಂಬರ್ 14, ಭಾನುವಾರ

ಶುಕ್ರವಾರ ಹಿಡಿಕೆಯನ್ನು ಮೆಲಾಹತ್ ಹಾನಿಮ್ ಕೈಗೆ ಕೊಟ್ಟು ಬಂದೆ. ಇಬ್ಬರೂ ಒಗ್ಗಿಕೊಳ್ಳಲು ಎರಡು ತಿಂಗಳು ನಾನು ಅವನ ಕಣ್ಣಿಗೆ ಬೀಳಬಾರದು. ಕೆಲಸ ಕಾಯಂ ಆಯಿತು.

ಊಟಕ್ಕೆ ಕೂತೆವು. ಮೇಜಿನ ಕೆಳಗೆ ಯಾರೂ ಇರಲಿಲ್ಲ. ಅತ್ತೆ ನನಗೆ ಒಂದು ಸಲ ಬಡಿಸಲು ಬಂದರು, ಸಾಕು ಅಂದೆ, ಪಾತ್ರೆ ಕೆಳಗಿಟ್ಟರು. "ನಾಯಿ ಹೋಯ್ತಲ್ಲ, 'ಸಾಕು' ಯಾಕೆ ಇನ್ನೂ ಇದೆ?" ಎಂದು ಕೇಳಿದರು. ಹೊಟ್ಟೆ ತುಂಬಿದೆ ಅದಕ್ಕೆ ಅಂದೆ. ಅದರಲ್ಲಿ ಕೇಳುವುದಕ್ಕೆ ಏನಿತ್ತೋ. ಸೆವ್ತಾಪ್ ತಟ್ಟೆ ನೋಡಿಕೊಂಡು ನಕ್ಕಳು. ಅತ್ತೆ ಆಮೇಲೆ ಖಾಲಿ ಮೇಜಿನ ಕೆಳಗೆ ಒಂದು ಸಲ ಬಗ್ಗಿ ನೋಡಿ, ಕಣ್ಣೊರೆಸಿಕೊಂಡು, ಈರುಳ್ಳಿಯ ಘಾಟು ಅಂದರು.

ಫೆಬ್ರವರಿ 6, ಶುಕ್ರವಾರ

ಎರಡು ತಿಂಗಳಿಗೆ ಇನ್ನೂ ಆರು ದಿನ ಬಾಕಿಯಿತ್ತು. ತಡೆಯಲಾಗಲಿಲ್ಲ. ಶಾಲೆಯಲ್ಲಿ ಈಗ ನನ್ನ ಕೈಗೆ ಬಂದಿರುವ ಹೊಸ ನಾಯಿಗೆ ಬಿಸ್ಕತ್ತು ತರುವ ನೆಪದಲ್ಲಿ ಬಜಾರಿಗೆ ಹೋಗಿ ಎದುರು ಬದಿಯಲ್ಲಿ ನಿಂತೆ.

ಬಂದರು. ಕೆಂಪು ಕೋಟು, ಜೊತೆಗೆ ಹುರಿಗಡಲೆ ಬಣ್ಣ. ಮೆಲಾಹತ್ ಹಾನಿಮ್ ಒಬ್ಬರೇ, ಕೈಯಲ್ಲಿ ತರಕಾರಿ ಚೀಲ, ದಾರಿಯುದ್ದಕ್ಕೂ ಅವನಿಗೆ ಯಾರದೋ ಕೋರ್ಟ್ ಕೇಸಿನ ಕತೆ ಹೇಳುತ್ತಾ ಬರುತ್ತಿದ್ದರು. ಅಷ್ಟು ಜೋರು ನಡಿಗೆ ನಾನು ಅವರಲ್ಲಿ ನೋಡಿರಲಿಲ್ಲ. ಸುಮ್ಮನೆ ನೋಡಿ ಹೋಗಬೇಕೆಂದೇ ನಾನು ಬಂದದ್ದು. ಆದರೆ ಬಾಯಿ ನನ್ನ ಮಾತು ಕೇಳಲಿಲ್ಲ.

"ಲೆಬ್ಲೆಬಿ, ಬಾ," ಅಂದೆ.

ಅವನ ಕಿವಿ ನಿಮಿರಿತು. ನನ್ನನ್ನು ನೋಡಿದ. ನನಗೆ ಖಂಡಿತ ಗೊತ್ತು, ಗುರುತು ಹಿಡಿದ, ಬಾಲ ಅಷ್ಟು ಜೋರಾಗಿ ಬೀಸಿ ಅವರ ಕೋಟಿಗೆ ಪಟಪಟ ಬಡಿಯಿತು. ಆಮೇಲೆ ಮುಖ ತಿರುಗಿಸಿ, ಒಂದು ಬೆಂಚನ್ನು ತಪ್ಪಿಸಿ, ಅವರನ್ನು ಕರೆದುಕೊಂಡು ಮುಂದೆ ಹೋದ.

"ತಾಯ್ಫುನ್, ಅದು ನೀನೇ ತಾನೆ?" ಎಂದು ಮೆಲಾಹತ್ ಹಾನಿಮ್ ನಿಲ್ಲದೆಯೇ ಕೂಗಿದರು. "ಬರೋ ವಾರ ಮನೆಗೆ ಬಾ ಮಗಾ. ಈಗ ಅವನು ಕೆಲಸದಲ್ಲಿದ್ದಾನೆ."

ನಾನು ಮತ್ತೆ ಕರೆಯಲಿಲ್ಲ. ಬಜಾರಿನ ನಡುವೆ ನಿಂತು, ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ ನಕ್ಕೆ. ನನ್ನ ಮಾತನ್ನು ತಳ್ಳಿಹಾಕಿದವರು ಈ ಊರಿನಲ್ಲಿ ಬಹಳ ಜನ ಇದ್ದಾರೆ, ಇಷ್ಟು ಚೆನ್ನಾಗಿ ಯಾರೂ ತಳ್ಳಿಹಾಕಿರಲಿಲ್ಲ.